ಎರ್ಮ ಎಂಬ ಮಾತು

ಸೋಮನಾಥನಿಗೆ ಲಕ್ವ ಹೊಡೆದದ್ದು ಶಿವರಾತ್ರಿ ಕಳೆದ ವಾರ, ನರಸಿಂಹರಾಜಪುರದ ಪೇಟೆಯಲ್ಲಿರುವ ತಮ್ಮ ಜವಳಿ ಅಂಗಡಿಯ ಬಾಗಿಲಲ್ಲಿ. ಶಟರ್ ಎತ್ತಲು ಬಗ್ಗಿದವನು ಅರ್ಧಕ್ಕೇ ಕೈಬಿಟ್ಟು, ಏನೋ ಮರೆತವನಂತೆ ಒಂದು ಗಳಿಗೆ ನಿಂತು, ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತ. ಎದುರಿನ ಬೇಕರಿಯವರು ಓಡಿ ಬಂದರು. ತಮ್ಮ ರೇಣುಕಾಪ್ರಸಾದ ಜೀಪು ತಂದ. ನೀಲಾಂಬಿಕೆ ಉಟ್ಟ ಸೀರೆಯಲ್ಲೇ ಮನೆಯಿಂದ ಬಂದು, ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಶಿವಮೊಗ್ಗ ಮುಟ್ಟುವವರೆಗೂ ಅವಳು ಮಾಡಿದ್ದು ಒಂದೇ ಕೆಲಸ. ಅವನ ಎಡಗೈಯನ್ನು ಒತ್ತುವುದು, ಅವನು ತಿರುಗಿ ಒತ್ತುತ್ತಾನೋ ಎಂದು ಕಾಯುವುದು. ಪ್ರತಿ ಸಲವೂ ಅವನು ಒತ್ತಿದ.

ಸಮಯಕ್ಕೆ ಸರಿಯಾಗಿ ಕರೆತಂದಿರಿ ಎಂದರು ಡಾಕ್ಟರು. ಜೀವಕ್ಕೆ ಭಯವಿಲ್ಲ, ಬಲಗಾಲು ನಿಧಾನಕ್ಕೆ ಬರುತ್ತದೆ, ಬಲಗೈ ಅದಕ್ಕಿಂತ ನಿಧಾನ. ಮಾತಿನ ವಿಷಯ ಕೇಳಿದಾಗ ಮಾತ್ರ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡೋಣ" ಎಂದಷ್ಟೇ ಹೇಳಿದರು.

ಹಲವು ದಿನ ಅವನ ಬಾಯಿಂದ ಸದ್ದೇ ಹೊರಡಲಿಲ್ಲ. ಆಮೇಲೊಂದು ಬೆಳಿಗ್ಗೆ, ಮುಖ ಒರೆಸಲು ನೀಲಾಂಬಿಕೆ ಒದ್ದೆ ಬಟ್ಟೆ ಹಿಡಿದು ಬಗ್ಗಿದಾಗ, ಅವಳ ಕಣ್ಣನ್ನೇ ನೋಡುತ್ತ ಅವನು ಸ್ಪಷ್ಟವಾಗಿ "ಎರ್ಮ" ಎಂದ.

ಅವಳ ಕೈಯಿಂದ ಬಟ್ಟೆ ಜಾರಿತು. "ಏನಂದ್ರಿ? ಇನ್ನೊಂದ್ಸಲ ಹೇಳಿ."

"ಎರ್ಮ."

ಔಷಧಿ ತಟ್ಟೆ ಹಿಡಿದು ಬಂದಿದ್ದ ನರ್ಸ್ ಜೆಸ್ಸಿ, ಕೇರಳದವಳು, ಕಿಸಕ್ಕನೆ ನಕ್ಕಳು. "ಎರುಮನಾ? ನಮ್ಮ ಭಾಷೇಲಿ ಹಾಗಂದ್ರೆ ಎಮ್ಮೆ ಅಮ್ಮಾ! ಸಾರ್ ಎಮ್ಮೆ ಕೇಳ್ತಿದಾರೆ."

ಎಮ್ಮೆಯೋ ಕೋಣವೋ, ಗಂಡನ ಬಾಯಿಂದ ಒಂದು ಮಾತು ಬಂತಲ್ಲ ಎಂದು ನೀಲಾಂಬಿಕೆ ಜೆಸ್ಸಿಯ ಎರಡೂ ಕೈ ಹಿಡಿದುಕೊಂಡಳು. ದಾವಣಗೆರೆಯಲ್ಲಿ ಹಸಿ ಬಾಣಂತಿಯಾಗಿದ್ದ ಮಗಳು ರಶ್ಮಿಗೆ ಫೋನ್ ಮಾಡಿ, "ನಿಮ್ಮಪ್ಪ ಮಾತಾಡಿದ್ರು ಕಣೇ" ಎಂದು ಅತ್ತಳು. ಏನು ಮಾತಾಡಿದರು ಎಂದು ಮಗಳು ಕೇಳಿದಾಗ ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಆದರೆ ಆ ಒಂದು ಮಾತಿನ ಹಿಂದೆ ಇನ್ನೊಂದು ಬರಲಿಲ್ಲ. ಮನೆಗೆ ಬಂದ ಮೇಲೂ ಹಸಿವಾದರೆ ಎರ್ಮ, ಬಾಯಾರಿದರೆ ಎರ್ಮ, ಫ್ಯಾನಿನ ಗಾಳಿ ಜಾಸ್ತಿಯಾದರೂ ಎರ್ಮ. ರೇಣುಕಾಪ್ರಸಾದನಿಗಂತೂ ಅನುಮಾನವೇ ಇರಲಿಲ್ಲ. "ಅತ್ತಿಗೆ, ನಾವು ಸಣ್ಣೋರಿದ್ದಾಗ ಕಡಹಿನಬೈಲಿನ ಅಜ್ಜಿ ಮನೇಲಿ ಒಂದು ಎಮ್ಮೆ ಇತ್ತು. ಅಣ್ಣಂಗೆ ಅದಂದ್ರೆ ಪ್ರಾಣ. ಅದ್ರ ಮೇಲೇ ಕೂತ್ಕೊಂಡು ಗದ್ದೆಗೆ ಹೋಗ್ತಿದ್ದ. ಅದನ್ನೇ ನೆನೆಸ್ಕೊಳ್ತಿದಾನೆ ಪಾಪ" ಎಂದ. ನೀಲಾಂಬಿಕೆ ಬೇಡವೆಂದರೂ ಕೇಳದೆ, ಒಂದು ಭಾನುವಾರ ಕಡಹಿನಬೈಲಿನ ನಾಗಪ್ಪನ ಎಮ್ಮೆಯನ್ನು ಗಾಡಿಗೆ ಹತ್ತಿಸಿ ತಂದು ಮನೆಯ ಗೇಟಿನ ಮುಂದೆ ನಿಲ್ಲಿಸಿಯೇಬಿಟ್ಟ. ಬೀದಿಯ ಜನವೆಲ್ಲ ಸೇರಿತು. ಸೋಮನಾಥನನ್ನು ಕುರ್ಚಿಯಲ್ಲಿ ಕೂರಿಸಿ ಜಗಲಿಗೆ ತಂದರು. ಎಮ್ಮೆ ಅವನನ್ನು ನೋಡಿತು. ಅವನು ಎಮ್ಮೆಯನ್ನು ನೋಡಿದ. ಆಮೇಲೆ ತಮ್ಮನನ್ನು ನೋಡಿ, ಇವನಿಗೇನು ತಲೆ ಕೆಟ್ಟಿದೆಯೇ ಎನ್ನುವ ಧಾಟಿಯಲ್ಲಿ "ಎರ್ಮ?" ಎಂದು, ಸೊಟ್ಟ ಬಾಯಲ್ಲೇ ಹೊಟ್ಟೆ ಕುಲುಕಿಸಿ ನಕ್ಕ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಾಗಪ್ಪ ಎಮ್ಮೆಯ ಬೆನ್ನು ತಟ್ಟುತ್ತ, "ಬಂದಿದ್ದು ದಂಡ ಆಗ್ಲಿಲ್ಲ ಬಿಡಿ ಅಕ್ಕಾ" ಎಂದ. ನೀಲಾಂಬಿಕೆ ಒಳಗೆ ಹೋಗಿ ಎಮ್ಮೆಗೆ ಒಂದು ಇಡೀ ಬಾಳೆಗೊನೆ ತಂದಿಟ್ಟಳು.

ಕೊಪ್ಪಕ್ಕೆ ವಾರಕ್ಕೊಂದು ದಿನ ಮಾತಿನ ಚಿಕಿತ್ಸೆ ಮಾಡುವ ಹುಡುಗಿಯೊಬ್ಬಳು ಬರುತ್ತಾಳೆ ಎಂದು ತಿಳಿದದ್ದು ಆಮೇಲೆ. ಅವಳ ಹೆಸರು ದಿವ್ಯ, ಭಂಡಿಗಡಿಯವಳು. ಮೊದಲ ದಿನವೇ ಅವಳು ಸೋಮನಾಥನಿಗೆ ಚಿತ್ರಗಳನ್ನು ತೋರಿಸಿದಳು, ಅಂಕಿ ಹೇಳಿಸಿದಳು, ಅವನ ಎಡಗೈ ಹಿಡಿದು ತಾಳ ತಟ್ಟಿಸಿದಳು. ಎಲ್ಲಕ್ಕೂ ಅವನದು ಅದೇ ಉತ್ತರ. ಸಹನೆ ಕಳೆದುಕೊಳ್ಳದೆ ಅವಳು ನೀಲಾಂಬಿಕೆಯತ್ತ ತಿರುಗಿದಳು.

"ಆಂಟಿ, ಇವರಿಗೆ ನಾವು ಹೇಳೋದೆಲ್ಲ ಅರ್ಥ ಆಗ್ತಿದೆ. ಹೇಳಬೇಕಾದ್ದೂ ಒಳಗಿದೆ. ಆದ್ರೆ ಯಾವ ಮಾತು ಹುಡುಕಕ್ಕೆ ಹೋದ್ರೂ ಕೈಗೆ ಸಿಗೋದು ಇದೊಂದೇ. ಕೆಲವರಿಗೆ ಹೀಗೆ ಒಂದೇ ಮಾತು ಉಳ್ಕೊಳ್ತದೆ. ಕೆಲವರಿಗೆ ಬೈಗುಳ ಉಳಿಯತ್ತೆ, ಇನ್ನು ಕೆಲವರಿಗೆ ದೇವರ ಹೆಸರು. ನೀವು ಮಾತನ್ನ ಕೇಳಬೇಡಿ, ಅದರ ರಾಗ ಕೇಳಿ."

ನೀಲಾಂಬಿಕೆ ರಾಗ ಕೇಳುವುದನ್ನು ಕಲಿತಳು. ನೀರು ಬೇಕಾದಾಗ ಮಾತಿನ ಕೊನೆ ಮೇಲೇಳುತ್ತಿತ್ತು. ಬಚ್ಚಲಿಗೆ ಹೋಗಬೇಕಾದಾಗ ಎರಡು ಸಲ ಅವಸರದಲ್ಲಿ ಬರುತ್ತಿತ್ತು. ಟಿವಿಯ ಧಾರಾವಾಹಿಗೆ ಒಂದು ಗೊಣಗು, ಮೊಮ್ಮಗನ ವಿಡಿಯೊಗೆ ಒಂದು ಎಳೆತ. ಮಳೆಗಾಲ ಹಿಡಿಯುವಷ್ಟರಲ್ಲಿ ಅವರಿಬ್ಬರೂ ಆ ಒಂದೇ ಮಾತಿನಲ್ಲಿ ಸಂಸಾರ ನಡೆಸುವಷ್ಟು ಪಳಗಿದ್ದರು. ಸೋಮನಾಥ ಕೋಲು ಹಿಡಿದು ಜಗಲಿಯವರೆಗೆ ನಡೆಯುತ್ತಿದ್ದ. ವಾರವಾರ ಕೊಪ್ಪಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಅವರಿಗೆಂದೇ ಮುಂದಿನ ಸೀಟು ಹಿಡಿದಿಡುತ್ತಿದ್ದ. ಕೇಳದೆಯೇ ಸಿಗುವ ಇಂಥ ಉಪಕಾರಗಳಿಗೆ ನೀಲಾಂಬಿಕೆ ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಸಂಜೆ ದೀಪ ಹಚ್ಚುವಾಗ ಒಬ್ಬೊಬ್ಬರನ್ನೇ ನೆನೆಯುತ್ತಿದ್ದಳು. ಜೆಸ್ಸಿ, ನಾಗಪ್ಪ, ಬೇಕರಿಯವರು, ಕಂಡಕ್ಟರ್, ದಿವ್ಯ.

ಒಂದು ರಾಗ ಮಾತ್ರ ಅವಳಿಗೆ ದಕ್ಕಲಿಲ್ಲ. ದಿನಾ ಬೆಳಿಗ್ಗೆ, ಅವಳು ಕಿಟಕಿ ತೆರೆದು ತಿರುಗಿದ ಕೂಡಲೇ, ಸೋಮನಾಥ ದಿಂಬಿನಿಂದ ತಲೆಯೆತ್ತಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಏರಿಳಿತವೇ ಇಲ್ಲದ ದನಿಯಲ್ಲಿ "ಎರ್ಮ" ಎನ್ನುತ್ತಿದ್ದ. ಆಮೇಲೆ ಕಾಯುತ್ತಿದ್ದ. ಕಾಫಿ ಕೊಟ್ಟರೆ ಕಾಫಿ ಅಲ್ಲ. ವಿಭೂತಿ ಗಟ್ಟಿ, ಲಿಂಗದ ಕರಡಿಗೆ ಮುಂದಿಟ್ಟರೆ ಅದೂ ಅಲ್ಲ. "ನಿದ್ದೆ ಬಂತಾ?" ಎಂದರೆ ಅದಲ್ಲ. ಅವಳು ಏನೇನೋ ಕೇಳಿ ಸೋತ ಮೇಲೆ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಉತ್ತರ ಬರಬೇಕಾಗಿತ್ತು, ಬರಲಿಲ್ಲ, ಪರವಾಗಿಲ್ಲ ಎನ್ನುವಂಥ ಆ ಸಮಾಧಾನವೇ ಅವಳ ಕರುಳು ಹಿಂಡುತ್ತಿತ್ತು.

ಇದನ್ನು ಅವಳು ದಿವ್ಯಳಿಗೆ ಹೇಳಿಕೊಂಡದ್ದು ಶ್ರಾವಣದಲ್ಲಿ.

"ಅಂಕಲ್ ಮೊದ್ಲು ಏನ್ ಕೆಲಸ ಮಾಡ್ತಿದ್ರು ಅಂದ್ರಿ?" ದಿವ್ಯ ಕೇಳಿದಳು.

"ಹಡಗಿನಲ್ಲಿದ್ರು. ಚೀಫ್ ಆಫೀಸರ್ ಆಗಿದ್ರು. ಮಾವ ತೀರಿಕೊಂಡ ಮೇಲೆ ಬಿಟ್ಟು ಬಂದು ಅಂಗಡಿ ನೋಡ್ಕೊಳ್ತಿದ್ದಿದ್ದು."

"ಯಾವ ದೇಶದ ಹಡಗು?"

"ಗ್ರೀಸಿನೋರದ್ದು. ಕ್ಯಾಪ್ಟನ್ನೂ ಅಲ್ಲಿಯೋರೇ."

ದಿವ್ಯ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಇದು ಗ್ರೀಕ್ ಮಾತು ಯಾಕಿರಬಾರ್ದು?"

ನೀಲಾಂಬಿಕೆ ಹಣೆ ಚಚ್ಚಿಕೊಂಡಳು. ಮದುವೆಯಾದಾಗಿನಿಂದ ವರ್ಷದಲ್ಲಿ ಎಂಟು ತಿಂಗಳು ಗಂಡನನ್ನು ಸಮುದ್ರಕ್ಕೆ ಕೊಟ್ಟು ಕೂತವಳು ಅವಳು. ಎಮ್ಮೆಯನ್ನು ಬಾಗಿಲಿಗೆ ತರಿಸಿದ ಮನೆಯಲ್ಲಿ ಒಬ್ಬರಿಗೂ ಹಡಗಿನ ನೆನಪಾಗಿರಲಿಲ್ಲ.

ದಿವ್ಯಳ ದೊಡ್ಡಪ್ಪ ಪರಮೇಶ್ವರ ಭಟ್ಟರು ಶೃಂಗೇರಿಯಲ್ಲಿದ್ದರು. ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಹಿಂದೆ ಪುಣೆಯಲ್ಲಿ ಭಾಷಾಶಾಸ್ತ್ರ ಓದಿದ್ದರಿಂದ ಗ್ರೀಕ್ ಅಕ್ಷರವೂ ಅವರಿಗೆ ಬರುತ್ತಿತ್ತು. ಮುಂದಿನ ವಾರ ನೀಲಾಂಬಿಕೆ ಮತ್ತು ರೇಣುಕಾಪ್ರಸಾದ ಅವರ ಮನೆಗೆ ಹೋದರು. ಸೋಮನಾಥನ ದನಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿದ್ದರು. ಭಟ್ಟರು ಅದನ್ನು ಕಿವಿಗೆ ಒತ್ತಿಕೊಂಡು ಮತ್ತೆ ಮತ್ತೆ ಕೇಳಿ, ಕಪಾಟಿನಿಂದ ಇಟ್ಟಿಗೆಯಷ್ಟು ದಪ್ಪದ ನಿಘಂಟು ಇಳಿಸಿದರು.

"ಇದು ಬಹಳ ಹಳೇ ಮಾತು ತಂಗಿ. ಹಿಂದೆ ಇದಕ್ಕೆ ಹಕಾರ ಇತ್ತು. ಹೆರ್ಮ ಅಂತಿದ್ರು. ಈಗಿನವರು ಹಕಾರ ನುಂಗಿ ಎರ್ಮ ಅಂತಾರೆ. ನಮ್ಮಲ್ಲೂ ಹಾಲಿಗೆ ಆಲು ಅನ್ನುವವರಿಲ್ವಾ, ಹಾಗೆ."

"ಅಂದ್ರೆ ಏನು ಸ್ವಾಮಿ?"

ಭಟ್ಟರು ಬೆರಳು ಸಾಲಿನ ಮೇಲಿಟ್ಟು ನಿಧಾನವಾಗಿ ಹೇಳಿದರು. "ಹಡಗಿನವರ ಮಾತೇ ಇದು. ಹಿಂದಿನ ಕಾಲದಲ್ಲಿ ಯಾನ ಮುಗಿದ ಮೇಲೆ ಹಡಗನ್ನ ದಡಕ್ಕೆ ಎಳೆದು ಹಾಕ್ತಿದ್ರು. ಅದು ಮಗ್ಗುಲಿಗೆ ಬೀಳದ ಹಾಗೆ ಅಡಿಗೆ ಕೊಡೋ ಊರೆ ಉಂಟಲ್ಲ, ಕಲ್ಲೋ ಮರದ್ದೋ, ಅದು ಎರ್ಮ. ಬಹಳ ಹಳೇ ಕಾವ್ಯದಲ್ಲಿ ಆ ಅರ್ಥವೇ ಇದೆ. ಆಮೇಲೆ, ಖಾಲಿ ಹಡಗು ಅಲುಗಾಡದಿರಲಿ ಅಂತ ಹೊಟ್ಟೆಗೆ ತುಂಬೋ ಭಾರ, ಅದೂ ಎರ್ಮ. ಗಾಳಿ ಜೋರಾದಾಗ ಜೇನುನೊಣ ಒಂದು ಸಣ್ಣ ಕಲ್ಲು ಹಿಡ್ಕೊಂಡು ಹಾರ್ತದೆ, ಅದರ ಎರ್ಮ ಅದು ಅಂತ ಅವರಲ್ಲೊಬ್ಬ ಬರೆದಿದಾನೆ."

"ಜೇನುನೊಣ ಕಲ್ಲು ಹೊರ್ತದಾ?" ಎಂದ ರೇಣುಕಾಪ್ರಸಾದ.

"ಹೊರೋದಿಲ್ಲ ಮಾರಾಯ. ಅವರು ಹಾಗೆ ನಂಬಿದ್ರು ಅಷ್ಟೇ." ಭಟ್ಟರು ಪುಟದ ಕೆಳಗೆ ಸರಿದು ಸ್ವಲ್ಪ ತಡೆದರು. "ಇನ್ನೊಂದು ಅರ್ಥ ಉಂಟು. ನೀರಿನ ಅಡಿಯಲ್ಲಿ ಕಾಣದ ಬಂಡೆ. ಹಡಗು ಬಡಿದು ಒಡೆಯೋದು. ಅದಕ್ಕೂ ಇದೇ ಮಾತು."

ನೀಲಾಂಬಿಕೆ ತಲೆಯೆತ್ತಿದಳು. "ನಿಲ್ಸೋದಕ್ಕೂ ಅದೇ, ಒಡೆಯೋದಕ್ಕೂ ಅದೇನಾ?"

"ಹೌದು. ಹಡಗಿನ ಅಡಿಗೆ ತಾಗೋದೆಲ್ಲ ಎರ್ಮ ಅಂತ ಇಟ್ಕೊಳ್ಳಿ. ಕಿವಿಯೋಲೆಗೂ ಇದೇ ಮಾತು ಬಂದಿದೆ. ಆದರೆ ಅದು ಬೇರೆ ಮೂಲ ಇರ್ಬೇಕು ಅಂತಾರೆ."

"ಅಣ್ಣ ಓಲೆ ಕೇಳೋ ಪೈಕಿ ಅಲ್ಲ" ಎಂದು ರೇಣುಕಾಪ್ರಸಾದ ನಗಿಸಲು ನೋಡಿದ. ಯಾರೂ ನಗದಿದ್ದಾಗ ದನಿ ತಗ್ಗಿಸಿದ. "ಅತ್ತಿಗೆ, ಊರೆ ಅಂದ್ರಲ್ಲ, ಅದೇ ಸರಿ. ನಿಮ್ಮನ್ನೇ ಹಾಗಂತಿದಾನೆ. ನೀವೇ ಅಲ್ವಾ ಅವನನ್ನ ಬೀಳದ ಹಾಗೆ ಹಿಡ್ಕೊಂಡಿರೋದು."

ಭಟ್ಟರು ನಿಘಂಟು ಮುಚ್ಚಿದರು. "ಇದರಲ್ಲಿ ಅರ್ಥ ಸಿಗ್ತದೆ ತಂಗಿ. ನಿಮ್ಮ ಯಜಮಾನರು ಅದನ್ನ ಹೇಗೆ ಬಳಸ್ತಿದ್ರು ಅನ್ನೋದು ಇದರಲ್ಲಿಲ್ಲ. ಅದನ್ನ ಅವರ ಜೊತೆ ಆ ಮಾತಾಡಿದವರನ್ನೇ ಕೇಳ್ಬೇಕು."

ವಾಪಸು ಬರುವಾಗ ಜೀಪಿನಲ್ಲಿ ನೀಲಾಂಬಿಕೆ ಅದನ್ನೇ ಯೋಚಿಸುತ್ತ ಕೂತಳು. ಮೈದುನ ಹೇಳಿದ ಅರ್ಥ ಕೇಳಲು ಚೆಂದವಾಗಿತ್ತು. ಆದರೆ ಬೆಳಗಿನ ಆ ದನಿಯಲ್ಲಿ ಹೊಗಳಿಕೆ ಇರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳ ತಲೆಯಲ್ಲಿ ಉಳಿದದ್ದು ಆ ಕಾಣದ ಬಂಡೆ. ಶಟರ್ ಎತ್ತುವ ಹೊತ್ತಿನಲ್ಲಿ ತಾನು ಏತಕ್ಕೆ ಬಡಿದೆ ಎಂದು ಈ ಮನುಷ್ಯ ದಿನಾ ಬೆಳಿಗ್ಗೆ ತನಗೆ ಹೇಳುತ್ತಿದ್ದಾನೆಯೇ? ಒಡೆದುಹೋದೆ ಎಂದು ಹೇಳಿ, ಹೆಂಡತಿ ಏನು ಮಾಡುತ್ತಾಳೆಂದು ಕಾಯುತ್ತಾನೆಯೇ? ಅದಕ್ಕೆ ಪ್ರತಿಯಾಗಿ ಇಷ್ಟು ತಿಂಗಳು ತಾನು ಕೊಟ್ಟದ್ದು ಕಾಫಿ ಮತ್ತು ವಿಭೂತಿ ಗಟ್ಟಿ. ಮರುದಿನ ಬೆಳಿಗ್ಗೆ ಅವನು "ಎರ್ಮ" ಎಂದಾಗ ಅವಳು ಮಂಚದ ಅಂಚಿಗೆ ಕೂತು, ಅವನ ಎದೆಗೆ ತಲೆಯಿಟ್ಟು ಅತ್ತಳು. ಅವನು ಗಾಬರಿಯಾಗಿ ಎಡಗೈಯಿಂದ ಅವಳ ಬೆನ್ನು ಸವರುತ್ತ, "ಎರ್ಮ, ಎರ್ಮ" ಎಂದು ಬೇರೆಯದೇ ರಾಗದಲ್ಲಿ ಸಮಾಧಾನ ಮಾಡಿದ.

ಕ್ಯಾಪ್ಟನ್ ಸ್ತಾವ್ರೋಸ್ ಪ್ರತಿ ಹೊಸ ವರ್ಷಕ್ಕೆ ಸೋಮನಾಥನಿಗೆ ಫೋನ್ ಮಾಡುತ್ತಿದ್ದರು. ನಂಬರು ಅವನ ಮೊಬೈಲಿನಲ್ಲೇ ಇತ್ತು. ರೇಣುಕಾಪ್ರಸಾದ ಇಂಗ್ಲಿಷಿನಲ್ಲಿ ನಡೆದದ್ದನ್ನೆಲ್ಲ ಬರೆದು ಕಳಿಸಿದ. ಅರ್ಧ ಗಂಟೆಯೊಳಗೆ ಉತ್ತರ ಬಂತು. ಭಾನುವಾರ ಮಧ್ಯಾಹ್ನ ವಿಡಿಯೊದಲ್ಲಿ ಬರುತ್ತೇನೆ, ಅವನನ್ನು ನನ್ನ ಮುಂದೆ ಕೂರಿಸಿ ಎಂದಿದ್ದರು ಕ್ಯಾಪ್ಟನ್.

ಭಾನುವಾರ ನೀಲಾಂಬಿಕೆ ಗಂಡನಿಗೆ ಕ್ಷೌರ ಮಾಡಿಸಿ, ಬಿಳಿ ಶರ್ಟು ತೊಡಿಸಿ, ಊಟದ ಮೇಜಿನ ಮುಂದೆ ಕೂರಿಸಿದಳು. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿದರು. ತೆರೆಯ ಮೇಲೆ ನರೆತ ಹುಬ್ಬುಗಳ, ಕೆಂಪು ಮುಖದ ಮುದುಕರೊಬ್ಬರು ಕಾಣಿಸಿದರು. ಅವರ ಹಿಂದೆ ಬಿಸಿಲು, ದ್ರಾಕ್ಷಿ ಚಪ್ಪರ. ಖಿಯೋಸ್ ಎಂಬ ದ್ವೀಪ ಅವರ ಊರು.

ಸೋಮನಾಥ ಆ ಮುಖವನ್ನು ಕಂಡ. ಕುರ್ಚಿಯ ಕೈ ಹಿಡಿದು ಸೊಂಟ ಎತ್ತಿದ. ನೀಲಾಂಬಿಕೆ ಹಿಡಿಯಲು ಹೋಗುವಷ್ಟರಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಬೆಳಗಿನ ಅದೇ ದನಿ, ಅದೇ ಏರಿಳಿತವಿಲ್ಲದ ರಾಗ.

"ಎರ್ಮ."

ಕ್ಯಾಪ್ಟನ್ ಏನೋ ಹೇಳಲು ಬಾಯಿ ತೆರೆದವರು ತಡೆದರು. ಅವರೂ ನೆಟ್ಟಗಾದರು. ಹೆಗಲ ಮೇಲಿದ್ದ ಟವೆಲ್ ತೆಗೆದು ಪಕ್ಕಕ್ಕಿಟ್ಟು, ಗಂಭೀರವಾಗಿ ಒಂದು ಮಾತು ಹೇಳಿದರು.

"ಎಂದಾಕ್ಸಿ."

ಸೋಮನಾಥನ ಭುಜ ಇಳಿಯಿತು. ತುಂಬಾ ಹೊತ್ತು ಹೊತ್ತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡಂತೆ ಅವನು ಕುರ್ಚಿಗೆ ಒರಗಿದ. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಆ ಕಡೆ ಮುದುಕರೂ ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಮನೆಯವರಿಗೆ ಏನು ನಡೆಯಿತೆಂದೇ ತಿಳಿಯಲಿಲ್ಲ.

ಆಮೇಲೆ ಕ್ಯಾಪ್ಟನ್ ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ರೇಣುಕಾಪ್ರಸಾದ ಅತ್ತಿಗೆಗೆ ಕನ್ನಡದಲ್ಲಿ ತಿರುಗಿಸಿದ.

"ಸರಕು ತುಂಬಿದ ಹಡಗಿನ ಭಯ ಇಲ್ಲಮ್ಮ, ಖಾಲಿ ಹಡಗಿನದ್ದೇ ಭಯ. ಸರಕು ಇಳಿಸಿದ ಮೇಲೆ ಅದು ತೆಂಗಿನ ಚಿಪ್ಪಿನ ಹಾಗೆ ತೇಲುತ್ತದೆ. ತಳದ ಟ್ಯಾಂಕುಗಳಿಗೆ ಸಮುದ್ರದ ನೀರು ತುಂಬಿ ಭಾರ ಕೊಡಬೇಕು. ಎಲ್ಲಿ ಎಷ್ಟು ಎಂದು ನೋಡುವುದು ಚೀಫ್ ಆಫೀಸರನ ಕೆಲಸ. ಆ ಭಾರಕ್ಕೆ ನಮ್ಮ ಹಡಗಿನವರೆಲ್ಲ ಸವೂರ ಎನ್ನುತ್ತಾರೆ. ನನ್ನ ತಂದೆ ಹಳೆಯ ಗ್ರೀಕ್ ಕಲಿಸುವ ಮೇಷ್ಟ್ರು. ಸವೂರ ಎಂಬುದು ಹೊರಗಿನಿಂದ ಬಂದ ಮಾತು, ಮನೆಯ ಮಾತು ಎರ್ಮ ಇರುವಾಗ ಅದೇಕೆ ಎನ್ನುತ್ತಿದ್ದರು. ಅದಕ್ಕೇ ನನ್ನ ಹಡಗಿನಲ್ಲಿ ಎರ್ಮ. ನಿಮ್ಮ ಗಂಡ ಹೊಸದಾಗಿ ಬಂದಾಗ ಬೆಳಗಿನ ಪಾಳಿ ಮುಗಿಸಿ ನನಗೆ ಉದ್ದ ವರದಿ ಒಪ್ಪಿಸಲು ಶುರು ಮಾಡಿದ. ನಾನು ಹೇಳಿದೆ, ಒಂದೇ ಮಾತು ಸಾಕು. ಎಲ್ಲ ನೋಡಿ ಬಂದಿದ್ದೇನೆ, ಹಡಗು ನೆಟ್ಟಗೆ ನಿಂತಿದೆ, ನೀವು ಕಾಫಿ ಕುಡಿಯಬಹುದು ಎಂದಾದರೆ ಎರ್ಮ ಅನ್ನು. ಏನಾದರೂ ತಪ್ಪಿದ್ದರೆ ಮಾತ್ರ ಆ ಮಾತು ಆಡಬೇಡ. ನಾನು ಎಂದಾಕ್ಸಿ ಅನ್ನುತ್ತಿದ್ದೆ. ಸರಿ, ಕೇಳಿಸಿಕೊಂಡೆ, ಇನ್ನು ನಿನ್ನ ಪಾಳಿ ಮುಗಿಯಿತು, ಹೋಗಿ ಮಲಗು ಅಂತ. ಅಷ್ಟು ವರ್ಷ ನಮ್ಮಿಬ್ಬರ ಬೆಳಗು ಹೀಗೇ ಆದದ್ದು. ಒಂದೇ ಒಂದು ಬೆಳಿಗ್ಗೆ ಅವನು ಬಂದು ಸುಮ್ಮನೆ ನಿಂತ. ಆ ಮಾತು ಬರಲಿಲ್ಲ. ಕೆಳಗೆ ಟ್ಯಾಂಕಿನ ಗೋಡೆ ಬಿರಿದಿತ್ತು. ಸಂಜೆಗೆ ಬಿರುಗಾಳಿ ಇತ್ತು, ನಾವು ಹಡಗು ತಿರುಗಿಸಿ ಬಂದರು ಸೇರಿದೆವು. ಇವನು ಅಭ್ಯಾಸಬಲದಿಂದ ಎರ್ಮ ಅಂದುಬಿಟ್ಟಿದ್ದರೆ ನಾನು ಇವತ್ತು ಈ ಚಪ್ಪರದಡಿ ಇರುತ್ತಿರಲಿಲ್ಲ."

ನೀಲಾಂಬಿಕೆ ಮೈದುನನ ತೋಳು ಹಿಡಿದಳು. "ಅವ್ರನ್ನ ಕೇಳು ಪ್ರಸಾದಾ. ಇವ್ರು ಬೆಳಿಗ್ಗೆ ಅದನ್ನ ನಂಗೆ ಯಾಕೆ ಹೇಳ್ತಾರೆ ಅಂತ ಕೇಳು."

ಅವನು ಕೇಳಿದ. ಕ್ಯಾಪ್ಟನ್ ಆಶ್ಚರ್ಯದಿಂದ ನೋಡಿದರು. "ಹಡಗು ಈಗ ಯಾರದಮ್ಮ? ಬೆಳಿಗ್ಗೆ ಯಾರಿಗೆ ಹೇಳಬೇಕೋ ಅವರಿಗೆ ಹೇಳುತ್ತಿದ್ದಾನೆ. ಎಲ್ಲ ನೆಟ್ಟಗಿದೆ, ಗಾಬರಿಯಾಗಬೇಡ ಅಂತ. ನೀವು ಉತ್ತರ ಕೊಡದಿದ್ದರೆ ಅವನು ಪಾಳಿ ಬಿಟ್ಟು ಹೋಗುವ ಹಾಗಿಲ್ಲ."

ಫೋನ್ ಇಟ್ಟ ಮೇಲೆ ನೀಲಾಂಬಿಕೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಆಸ್ಪತ್ರೆಯಲ್ಲಿ ಒದ್ದೆ ಬಟ್ಟೆ ಕೈಜಾರಿದ ದಿನದಿಂದ ಹಿಡಿದು ಪ್ರತಿ ಬೆಳಗೂ ನೆನಪಾಯಿತು. ಬಲಗೈ ಎತ್ತಲಾಗದೆ, ಬಾಯಿ ಸೊಟ್ಟಗಾಗಿ ಮಲಗಿದ್ದಾಗಲೂ ಅವನು ಅವಳಿಗೆ ಧೈರ್ಯ ಹೇಳುತ್ತಲೇ ಇದ್ದ. ಬಂಡೆ ಎಂದುಕೊಂಡು ಅವಳು ಅತ್ತ ಬೆಳಿಗ್ಗೆಯೂ ಹೇಳಿದ್ದ. ಪ್ರತಿದಿನ ಬಾಗಿಲವರೆಗೆ ಬಂದ ಸಂದೇಶವನ್ನು ತಾನು ಎಮ್ಮೆಯೆಂದು, ಕಾಫಿಯೆಂದು ವಾಪಸು ಕಳಿಸಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಆದರೆ ಅದಕ್ಕಿಂತ ದೊಡ್ಡದಾಗಿ ಒಳಗೆ ಏನೋ ತುಂಬಿ ಬಂತು. ಯಾರಿಗೆಂದು ಕೈಮುಗಿಯಬೇಕೋ ತಿಳಿಯದೆ ಅವಳು ಎದುರಿಗಿದ್ದ ಬಾವಿಯ ಕಡೆಗೇ ಕೈಮುಗಿದಳು.

ದಿವ್ಯ ಮಾತ್ರ ಎಚ್ಚರಿಕೆ ಹೇಳಿದಳು. "ಆಂಟಿ, ಅಂಕಲ್ ಮನಸ್ಸಲ್ಲಿ ಇರೋದು ಅದೇ ಅಂತ ನಾನು ಖಾತ್ರಿ ಕೊಡಕ್ಕಾಗಲ್ಲ. ಆ ಮಾತು ಸುಮ್ನೆ ಅಂಟ್ಕೊಂಡಿರೋದೂ ಆಗಿರಬಹುದು."

"ಇರ್ಲಿ ಕಣಮ್ಮ. ಉತ್ತರ ಕೊಟ್ಟು ನೋಡ್ತೀನಿ. ಕೊಟ್ರೆ ನಷ್ಟ ಏನು?"

ಮೊದಲ ಬೆಳಿಗ್ಗೆ ಅವಳ ನಾಲಿಗೆ ತೊಡರಿತು. ಕಿಟಕಿ ತೆರೆದು ತಿರುಗಿದಾಗ ಸೋಮನಾಥ ಎಂದಿನಂತೆ ತಲೆಯೆತ್ತಿ "ಎರ್ಮ" ಎಂದ. ಅವಳು ಸೆರಗು ಸರಿಮಾಡಿಕೊಂಡು, ತನಗೆ ತಿಳಿದಷ್ಟು ನೆಟ್ಟಗೆ ನಿಂತು, "ಎಂದಾಕ್ಸಿ" ಎಂದಳು. ಉಚ್ಚಾರ ತಪ್ಪಾಗಿರಬೇಕು, ಅವನ ತುಟಿಯ ಎಡತುದಿ ಕೊಂಕಿತು. ಅವನು ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ತಲೆಯನ್ನು ದಿಂಬಿಗೆ ಇಳಿಸಿ ಕಣ್ಣು ಮುಚ್ಚಿ, ಹಗುರಾಗಿ ನಿದ್ದೆ ಹೋದ. ಬಿಸಿಲು ಅಂಗಳಕ್ಕಿಳಿದು ಹಾಲಿನವನು, ಪೇಪರಿನವನು ಬಂದು ಹೋದರೂ ಅವಳು ಅವನನ್ನು ಎಬ್ಬಿಸಲಿಲ್ಲ. ಅಷ್ಟು ತಿಂಗಳು ಅವನನ್ನು ಪಾಳಿಯಿಂದ ಯಾರೂ ಬಿಡಿಸಿರಲಿಲ್ಲ.

ಆ ಮೇಲಿಂದ ಬೆಳಿಗ್ಗೆ ಗೋಡೆಯ ಕಡೆ ಮುಖ ತಿರುಗಿಸುವುದು ನಿಂತಿತು. ವಿಷಯ ಹೇಗೋ ಪೇಟೆಗೂ ಹಬ್ಬಿತು. ರೇಣುಕಾಪ್ರಸಾದನ ಬಾಯಿಗೆ ಬಿದ್ದ ಮೇಲೆ ಹಬ್ಬದೇ ಇರುತ್ತದೆಯೇ? ಸೋಮನಾಥ ದಿನಕ್ಕೆ ಒಂದಿಷ್ಟು ಹೊತ್ತು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕೂರಲು ಶುರು ಮಾಡಿದಾಗ, ಬೇಕರಿಯವರು ರಸ್ತೆಯಾಚೆಯಿಂದಲೇ ಕೂಗಿ ಎರ್ಮ ವಿಚಾರಿಸುವರು. ಸೀರೆ ಕೊಳ್ಳಲು ಬಂದ ಹೆಂಗಸರು ಅವನು ಏನಾದರೂ ಅಂದರೆ ನಗುತ್ತ ಎಂದಾಕ್ಸಿ ಅನ್ನುವರು. ಇವನಿಗೆ ಅದು ಖುಷಿಯೋ ಕಿರಿಕಿರಿಯೋ ನೀಲಾಂಬಿಕೆಗೆ ಮೊದಮೊದಲು ತಿಳಿಯಲಿಲ್ಲ. ಒಂದು ದಿನ ಅವನೇ ಬೆಳಿಗ್ಗೆ ಬೇಗ ಶರ್ಟು ತೊಡಿಸೆಂದು ಅವಸರ ಮಾಡಿದಾಗ ತಿಳಿಯಿತು.

ದಸರೆ ಕಳೆದ ಮೇಲೆ ನೀಲಾಂಬಿಕೆ ಗಂಡನನ್ನೂ ಕರೆದುಕೊಂಡು ಶೃಂಗೇರಿಗೆ ಹೊರಟಳು. ಭಟ್ಟರಿಗೆ ಅಂಗಡಿಯಲ್ಲಿದ್ದವುಗಳ ಪೈಕಿ ಒಳ್ಳೆಯ ಧೋತರ, ಅವರ ಹೆಂಡತಿ ತುಂಗಮ್ಮನವರಿಗೆ ಒಂದು ಇಳಕಲ್ ಸೀರೆ ಕಟ್ಟಿಸಿಕೊಂಡಿದ್ದಳು. ಭಟ್ಟರು ಧೋತರವನ್ನು ಮುಟ್ಟಿ ಹಿಂದಕ್ಕೆ ಸರಿಸಿದರು.

"ನಾನೆಂತ ಮಾಡಿದ್ದು? ಪುಸ್ತಕದಲ್ಲಿದ್ದದ್ದು ಓದಿ ಹೇಳಿದೆ. ಅದೂ ನಿಮ್ಮನ್ನ ಹೆದರಿಸಿ ಕಳಿಸಿದ್ದಾಯ್ತು."

"ಹಾಗಾದ್ರೆ ಪುಸ್ತಕಕ್ಕೇ ನಮಸ್ಕಾರ ಮಾಡ್ತೀನಿ, ಕೆಳಗಿಳಿಸಿ" ಎಂದಳು ನೀಲಾಂಬಿಕೆ.

ಭಟ್ಟರು ನಗುತ್ತ ನಿಘಂಟು ಇಳಿಸಿದರು. ಅವಳು ನಗಲಿಲ್ಲ. ಒಂದಕ್ಷರವೂ ಓದಲು ಬಾರದ ಆ ದಪ್ಪ ಪುಸ್ತಕವನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎಂದೋ, ಎಲ್ಲೋ, ಹಡಗಿನ ಅಡಿಗೆ ಊರೆ ಕೊಡುತ್ತಿದ್ದ ಜನ ಆ ಮಾತನ್ನು ಮೊದಲು ಆಡಿರಬೇಕು. ಅವರಿಗೂ ಒಂದು ಸಲ ಮನಸ್ಸಿನಲ್ಲೇ ನಮಿಸಿದಳು. ಸೋಮನಾಥ ಪಕ್ಕದಲ್ಲಿ ಕೂತು, ಇವಳದ್ದೊಂದು ಅತಿ ಎನ್ನುವಂತೆ ಭಟ್ಟರಿಗೆ ಕಣ್ಣಲ್ಲೇ ಹೇಳಿದ. ಧೋತರವನ್ನು ಮಾತ್ರ ಭಟ್ಟರು ಆಮೇಲೆ ಇಟ್ಟುಕೊಂಡರು.

ಊಟಕ್ಕೆ ತುಂಗಮ್ಮ ಎಲೆ ಹಾಕಿದ್ದರು. ಆ ಮನೆಯಲ್ಲಿ ಉಂಡವರು ಏಳಬೇಕಾದರೆ ಅವರ ಕಣ್ಣು ತಪ್ಪಿಸಬೇಕು, ಅಂಥ ಕೈ ಅವರದು. ತಂಬುಳಿ, ಎರಡು ಬಗೆಯ ಪಲ್ಯ, ಹುಳಿ, ಮೇಲೆ ಹಲಸಿನ ಬೀಜದ ಪಾಯಸ. ಸೋಮನಾಥ ಎಡಗೈಯಲ್ಲಿ ಚಮಚ ಹಿಡಿದು ನಿಧಾನವಾಗಿ ಉಣ್ಣುತ್ತಿದ್ದ. ಒಮ್ಮೆ ಪಾಯಸ ಬಡಿಸಿದರು. ಇನ್ನೊಮ್ಮೆ ಬಡಿಸಿದರು. ಮೂರನೆಯ ಸಲ ಸೌಟು ಎಲೆಯ ಮೇಲೆ ಬಂದಾಗ ಅವನು ಚಮಚ ಕೆಳಗಿಟ್ಟು, ಅಂಗೈ ಅಡ್ಡ ಹಿಡಿದ. ಬಾಯಿ ಎರಡು ಸಲ ತೆರೆದು ಮುಚ್ಚಿತು.

"ಸಾ," ಎಂದ. ಉಸಿರು ತೆಗೆದುಕೊಂಡ. "ಸಾಕು."

ಭಟ್ಟರ ಕೈ ತುತ್ತಿನೊಂದಿಗೆ ನಿಂತಿತು. ನೀಲಾಂಬಿಕೆ ತನ್ನ ಕಿವಿಯನ್ನು ನಂಬಲಾಗದೆ ಗಂಡನ ಮುಖ ನೋಡಿದಳು. ಅವನಿಗೂ ತಾನೇ ಹೇಳಿದ್ದು ಎಂಬ ನಂಬಿಕೆ ಬಂದಂತಿರಲಿಲ್ಲ. ಮತ್ತೆ ಹೇಳಿ ನೋಡಿದ.

"ಸಾಕು."

"ಎಂತ ಸಾಕು ಮಾರಾಯ, ಇಷ್ಟು ದೂರ ಬಂದು! ಗುಬ್ಬಿ ಉಂಡ ಹಾಗೆ ಉಂಡಿದ್ದೀರಿ" ಎನ್ನುತ್ತ ತುಂಗಮ್ಮ ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ಸೌಟು ತುಂಬ ಪಾಯಸ ಸುರಿದರು.